ಅಮೆರಿಕದಿಂದ ತರಿಸೋದಾ, ಎಸ್‌.ಪಿ. ರೋಡಲ್ಲೇ ಕೊಳ್ಳೋದಾ? ರ‍್ಯಾಮ್ ಬೆಲೆ ದೇಶದಿಂದ ದೇಶಕ್ಕೆ ಬದಲಾಗುವ ಲೆಕ್ಕ

"ಅಕ್ಕನ ಮಗ ನ್ಯೂಜೆರ್ಸಿಯಿಂದ ರಜೆಗೆ ಬರ್ತಿದಾನೆ. ಅಲ್ಲಿ ರ‍್ಯಾಮ್ ಇಲ್ಲಿಗಿಂತ ತುಂಬಾ ಅಗ್ಗ ಅಂತೆ. ತರಿಸಿಬಿಡ್ಲಾ?"

ಸ್ನೇಹಿತರಿಗೆ, ನೆಂಟರಿಗೆ ಕಂಪ್ಯೂಟರ್ ಜೋಡಿಸಿಕೊಡುವ ನನಗೆ ಈ ಪ್ರಶ್ನೆ ವರ್ಷವಿಡೀ ಬರುತ್ತದೆ. (ರ‍್ಯಾಮ್ ಎಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ, ಎಸ್‌.ಪಿ. ರೋಡ್ ಎಂದರೆ ಬೆಂಗಳೂರಿನ ಕಂಪ್ಯೂಟರ್ ಭಾಗಗಳ ಪೇಟೆ.) ಡಿಸೆಂಬರ್ ಹತ್ತಿರವಾದರೆ ಇನ್ನೂ ಹೆಚ್ಚು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬಹುತೇಕ ಸಲ ಇಲ್ಲೇ ಕೊಳ್ಳಿ, ಬಿಲ್ ಹಾಕಿಸಿಕೊಂಡು ಕೊಳ್ಳಿ. ತರಿಸುವುದು ನಿಜವಾಗಿ ಲಾಭವಾಗುವ ಸಂದರ್ಭಗಳೂ ಇವೆ, ಅವನ್ನೂ ಹೇಳುತ್ತೇನೆ. ಆದರೆ ಎರಡು ವೆಬ್‌ಸೈಟ್ ತೆರೆದು, ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿ, "ನೋಡಿ, ನಮ್ಮವರು ಲೂಟಿ ಮಾಡ್ತಾರೆ" ಅನ್ನುವುದಕ್ಕೆ ಮುಂಚೆ ಆ ವ್ಯತ್ಯಾಸ ಎಲ್ಲಿಂದ ಹುಟ್ಟುತ್ತದೆ ಎಂದು ಬಿಡಿಸಿ ನೋಡಬೇಕು. ಅದರಲ್ಲಿ ಒಂದಷ್ಟು ಪಾಲು ನಿಮ್ಮ ಜೇಬಿಗೆ ಉಳಿಯುತ್ತದೆ, ಒಂದಷ್ಟು ಪಾಲು ಉಳಿದಂತೆ ಕಾಣುತ್ತದೆ, ಅಷ್ಟೇ.

ಕಾರ್ಖಾನೆಯ ಬಾಗಿಲಲ್ಲಿ ಬೆಲೆ ಒಂದೇ

ಮನೆಯ ಕಂಪ್ಯೂಟರಿಗೆ ಹಾಕುವ ರ‍್ಯಾಮ್‌ನ ಮೇಲಿರುವ ಕಪ್ಪು ಚಿಪ್ಪುಗಳನ್ನು ಜಗತ್ತಿನಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡುವವರು ಮೂರೇ ಕಂಪನಿ: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಚೀನಾದ ಸಿಎಕ್ಸ್‌ಎಂಟಿ ಈಚೆಗೆ ಬೆಳೆಯುತ್ತಿದೆ. ಅಂಗಡಿಯಲ್ಲಿ ನಾವು ಕೇಳುವ ಕೋರ್ಸೇರ್, ಜಿ.ಸ್ಕಿಲ್, ಕಿಂಗ್‌ಸ್ಟನ್, ಎಡೇಟಾ ಇವೆಲ್ಲ ಆ ಚಿಪ್ಪುಗಳನ್ನು ಕೊಂಡು, ಬೋರ್ಡಿಗೆ ಕೂರಿಸಿ, ಪರೀಕ್ಷೆ ಮಾಡಿ, ತಮ್ಮ ಹೆಸರು ಹಚ್ಚಿ ಮಾರುವ ಕಂಪನಿಗಳು. ಚಿಪ್ಪಿನ ವ್ಯವಹಾರ ನಡೆಯುವುದು ಡಾಲರಿನಲ್ಲಿ. ತೈವಾನಿನ ಟ್ರೆಂಡ್‌ಫೋರ್ಸ್ ಸಂಸ್ಥೆ ಪ್ರಕಟಿಸುವ ದರಗಳನ್ನು ಜಗತ್ತಿನ ವ್ಯಾಪಾರಿಗಳೆಲ್ಲ ನೋಡುತ್ತಾರೆ. ಎಪಿಎಂಸಿಯಲ್ಲಿ ಈರುಳ್ಳಿಯ ದಿನದ ಧಾರಣೆ ನೋಡುವ ಹಾಗೆಯೇ.

ಈರುಳ್ಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಈರುಳ್ಳಿಯ ಬೆಲೆಯಲ್ಲಿ ಲಾರಿ ಬಾಡಿಗೆ ಸೇರುತ್ತದೆ. ಡೆಸ್ಕ್‌ಟಾಪಿನ ರ‍್ಯಾಮ್ ಸ್ಟಿಕ್ ಸುಮಾರು 13 ಸೆಂಟಿಮೀಟರ್ ಉದ್ದ, ತೂಕ ನೂರು ಗ್ರಾಂ ಕೂಡ ಇಲ್ಲ. ಒಂದು ಸೂಟ್‌ಕೇಸಿನಲ್ಲಿ ಲಕ್ಷಗಟ್ಟಲೆ ರೂಪಾಯಿಯ ಮಾಲು ಹಿಡಿಯುತ್ತದೆ. ಹಾಗಾಗಿ "ದೂರದಿಂದ ಬರಬೇಕಲ್ಲ, ಅದಕ್ಕೇ ದುಬಾರಿ" ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ವ್ಯತ್ಯಾಸ ಹುಟ್ಟುವುದು ಕಾರ್ಖಾನೆಯಲ್ಲೂ ಅಲ್ಲ, ಹಡಗಿನಲ್ಲೂ ಅಲ್ಲ. ಮಾಲು ದೇಶದೊಳಗೆ ಕಾಲಿಟ್ಟ ಮೇಲೆ.

ಒಂದು ಲೆಕ್ಕ, ಕೈಯಲ್ಲೇ ಮಾಡಿ

ಲೆಕ್ಕಕ್ಕೆ ಸುಲಭವಾಗಲಿ ಎಂದು ಅಮೆರಿಕದ ವೆಬ್‌ಸೈಟಿನಲ್ಲಿ ಒಂದು ರ‍್ಯಾಮ್ ಕಿಟ್‌ಗೆ (ಜೊತೆಯಾಗಿ ಮಾರುವ ಸ್ಟಿಕ್‌ಗಳ ಸೆಟ್) 100 ಡಾಲರ್ ಎಂದು ಬರೆದಿದೆ ಅಂದುಕೊಳ್ಳಿ. ಡಾಲರಿಗೆ 90 ರೂಪಾಯಿ ಹಿಡಿದರೆ 9,000. ಅದೇ ಕಿಟ್ ಬೆಂಗಳೂರಿನಲ್ಲಿ 11,800. ನೋಡಿದ ಕೂಡಲೇ 2,800 ರೂಪಾಯಿ ಹೋಯಿತು ಅನಿಸುತ್ತದೆ.

ಈಗ 11,800ನ್ನು ಬಿಡಿಸಿ. ಅದರಲ್ಲಿ 18% ಜಿಎಸ್‌ಟಿ ಸೇರಿದೆ. ತೆಗೆದರೆ ಸರಿಯಾಗಿ 10,000 ಉಳಿಯುತ್ತದೆ. ಅಂದರೆ 2,800ರಲ್ಲಿ 1,800 ತೆರಿಗೆ. ಆಮದು ಮಾಡಿಕೊಂಡವರು, ಡಿಸ್ಟ್ರಿಬ್ಯೂಟರ್, ಅಂಗಡಿಯವರು ಎಲ್ಲರೂ ಸೇರಿ ಅಮೆರಿಕದ ಅಂಗಡಿಗಿಂತ ಹೆಚ್ಚಿಗೆ ಇಟ್ಟುಕೊಂಡದ್ದು 1,000.

ಅತ್ತ ಅಮೆರಿಕದ 100 ಡಾಲರ್ ಕೂಡ ಪೂರ್ತಿ ಬೆಲೆಯಲ್ಲ. ಅಲ್ಲಿ ಬೆಲೆ ಚೀಟಿಯಲ್ಲಿ ತೆರಿಗೆ ಸೇರಿರುವುದಿಲ್ಲ, ಬಿಲ್ ಮಾಡುವಾಗ ಸೇರಿಸುತ್ತಾರೆ. ನ್ಯೂಜೆರ್ಸಿಯಲ್ಲಿ ಮಾರಾಟ ತೆರಿಗೆ 6.625%. ಹಾಗಾಗಿ 106.6 ಡಾಲರ್, ಸುಮಾರು 9,600 ರೂಪಾಯಿ. ನೀವೇ ಇಲ್ಲಿಯ ಕ್ರೆಡಿಟ್ ಕಾರ್ಡ್ ಕೊಟ್ಟು ಕೊಂಡರೆ ಬ್ಯಾಂಕಿನವರು ವಿದೇಶಿ ವಿನಿಮಯದ ಶುಲ್ಕ ಹಾಕುತ್ತಾರೆ. ಹಲವು ಕಾರ್ಡುಗಳಲ್ಲಿ ಅದು 3.5%ರವರೆಗೂ ಇದೆ. ಆಗ 9,930 ದಾಟುತ್ತದೆ.

ನಿಮ್ಮ ಹತ್ತಿರ ಜಿಎಸ್‌ಟಿ ನಂಬರ್ ಇದೆಯಾ? ಸ್ಟುಡಿಯೋ, ಡಿಟಿಪಿ ಅಂಗಡಿ, ಆಡಿಟರ್ ಆಫೀಸು, ಸಣ್ಣ ಸಾಫ್ಟ್‌ವೇರ್ ಕಂಪನಿ ಯಾವುದಾದರೂ ನಡೆಸುತ್ತೀರಾ? ಹಾಗಿದ್ದರೆ ವ್ಯವಹಾರಕ್ಕೆಂದು ಕೊಂಡ ರ‍್ಯಾಮ್‌ನ 1,800 ರೂಪಾಯಿ ಇನ್‌ಪುಟ್ ಕ್ರೆಡಿಟ್ ಆಗಿ ನಿಮಗೆ ಬರುತ್ತದೆ, ಅಂದರೆ ನೀವು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ನಿಮ್ಮ ಪಾಲಿಗೆ ಬೆಂಗಳೂರಿನ ಬೆಲೆ 10,000, ನ್ಯೂಜೆರ್ಸಿಯ ಬೆಲೆ 9,930. ಎಪ್ಪತ್ತು ರೂಪಾಯಿಗೋಸ್ಕರ ಹುಡುಗನ ಬ್ಯಾಗಿನಲ್ಲಿ ಜಾಗ ಕೇಳಬೇಕಾ? ತರಿಸುವ ವಿಚಾರವನ್ನು ಇಂಥವರು ಇಲ್ಲಿಗೇ ಬಿಟ್ಟುಬಿಡಬಹುದು.

ಬೇರೆ ಊರುಗಳ ಬೆಲೆ ನೋಡುವಾಗಲೂ ಮೊದಲು ಕೇಳಬೇಕಾದ್ದು ಇದನ್ನೇ: ಚೀಟಿಯ ಬೆಲೆಯೊಳಗೆ ತೆರಿಗೆ ಇದೆಯೋ ಇಲ್ಲವೋ? ಇದ್ದರೆ ಎಷ್ಟು? ಜರ್ಮನಿಯಲ್ಲಿ 19%, ಬ್ರಿಟನ್ನಿನಲ್ಲಿ 20%, ಹಂಗೇರಿಯಲ್ಲಿ 27%, ಇವೆಲ್ಲ ಚೀಟಿಯ ಬೆಲೆಯಲ್ಲೇ ಸೇರಿರುತ್ತವೆ. ಜಪಾನ್ 10%, ಸಿಂಗಪುರ 9%, ದುಬೈ 5%. ಹಾಂಗ್‌ಕಾಂಗ್‌ನಲ್ಲಿ ಇಂಥ ತೆರಿಗೆಯೇ ಇಲ್ಲ. ಅಮೆರಿಕದೊಳಗೇ ಆರೆಗನ್, ಡೆಲವೇರ್ ರಾಜ್ಯಗಳಲ್ಲಿ ಮಾರಾಟ ತೆರಿಗೆ ಸೊನ್ನೆ, ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ 7.25%. ತೆರಿಗೆ ಸೇರಿದ ಬೆಲೆಯನ್ನು ಸೇರದ ಬೆಲೆಯ ಪಕ್ಕ ಇಟ್ಟು ಹೋಲಿಸುವುದು ಸಿಪ್ಪೆ ಸಮೇತ ತೂಗಿದ ಕಾಯಿಯನ್ನು ಸುಲಿದ ಕಾಯಿಯ ಪಕ್ಕ ಇಟ್ಟ ಹಾಗೆ.

ಸುಂಕದ ಗೋಡೆ: ಒಂದೇ ಚಿಪ್ಪಿಗೆ ಮೂರು ಬೆಲೆ

ತೆರಿಗೆ ಬೇರೆ, ಗಡಿಯಲ್ಲಿ ಹಾಕುವ ಸುಂಕ ಬೇರೆ. ರ‍್ಯಾಮ್‌ನ ಚರಿತ್ರೆಯಲ್ಲಿ ಸರ್ಕಾರಗಳು ಗಡಿಯಲ್ಲಿ ಕೈಹಾಕಿ ಒಂದೇ ಮಾಲಿಗೆ ದೇಶಕ್ಕೊಂದು ಬೆಲೆ ಆಗುವಂತೆ ಮಾಡಿದ ಪ್ರಸಂಗಗಳಿವೆ. ಈ ಭಾಗದಲ್ಲಿ ನನಗೆ ವಿಶೇಷ ಆಸಕ್ತಿ, ಸ್ವಲ್ಪ ನಿಲ್ಲುತ್ತೇನೆ.

1980ರ ದಶಕದಲ್ಲಿ ಮೆಮೊರಿ ಚಿಪ್ಪಿನ ದೊರೆಗಳು ಜಪಾನಿನವರು. ಅವರು ವೆಚ್ಚಕ್ಕಿಂತ ಕಡಿಮೆಗೆ ಮಾರಿ ನಮ್ಮನ್ನು ಮುಳುಗಿಸುತ್ತಿದ್ದಾರೆ ಎಂದು ಅಮೆರಿಕದ ಕಂಪನಿಗಳು ದೂರಿದವು. 1986ರಲ್ಲಿ ಎರಡೂ ಸರ್ಕಾರಗಳು ಒಂದು ಒಪ್ಪಂದಕ್ಕೆ ಬಂದವು. ಅದರ ಪ್ರಕಾರ ಜಪಾನಿನ ಒಂದೊಂದು ಕಂಪನಿಯ ಚಿಪ್ಪಿಗೂ ಅಮೆರಿಕದ ವಾಣಿಜ್ಯ ಇಲಾಖೆ ಒಂದು ಕನಿಷ್ಠ "ನ್ಯಾಯಬೆಲೆ" ಕಟ್ಟಿತು. ಅದಕ್ಕಿಂತ ಕಡಿಮೆಗೆ ಅಮೆರಿಕದಲ್ಲಿ ಮಾರುವಂತಿಲ್ಲ. ಒಪ್ಪಂದ ಸರಿಯಾಗಿ ಪಾಲನೆಯಾಗುತ್ತಿಲ್ಲ ಎಂದು 1987ರಲ್ಲಿ 30 ಕೋಟಿ ಡಾಲರಿನ ಜಪಾನೀ ಸರಕಿನ ಮೇಲೆ 100% ಸುಂಕ ಬಿತ್ತು. ಚಿಪ್ಪು ಮಾಡುವವರನ್ನು ಕಾಪಾಡಲು ಹೊರಟ ಈ ಒಪ್ಪಂದದ ಭಾರ ಬಿದ್ದದ್ದು ಅದೇ ಅಮೆರಿಕದ ಕಂಪ್ಯೂಟರ್ ತಯಾರಕರ ಮೇಲೆ. ಚಿಪ್ಪಿಗೆ ಅವರು ಹೆಚ್ಚು ತೆರಬೇಕಾಯಿತು.

ಇನ್ನೊಂದು 2003ರದ್ದು. ಕೊರಿಯಾದ ಹೈನಿಕ್ಸ್ (ಇಂದಿನ ಎಸ್‌ಕೆ ಹೈನಿಕ್ಸ್) ಸಾಲದಲ್ಲಿ ಮುಳುಗಿದ್ದಾಗ ಅಲ್ಲಿನ ಬ್ಯಾಂಕುಗಳು ಅದನ್ನು ಎತ್ತಿ ನಿಲ್ಲಿಸಿದ್ದವು. ಇದು ಸರ್ಕಾರದ ಮರೆಮಾಚಿದ ಸಬ್ಸಿಡಿ ಎಂದು ಅಮೆರಿಕ ಹೈನಿಕ್ಸ್ ಚಿಪ್ಪಿನ ಮೇಲೆ 44.29% ಸುಂಕ ಹಾಕಿತು. ಯುರೋಪ್ ಹಾಕಿದ್ದು 34.8%. ಜಪಾನ್ 2006ರಲ್ಲಿ 27.2% ಹಾಕಿತು. ಒಂದೇ ಕಂಪನಿಯ ಒಂದೇ ಚಿಪ್ಪಿಗೆ ಮೂರು ಗಡಿಯಲ್ಲಿ ಮೂರು ದರ! ಅಮೆರಿಕದ ಆರೆಗನ್‌ನಲ್ಲಿದ್ದ ಹೈನಿಕ್ಸ್ ಕಾರ್ಖಾನೆಯ ಚಿಪ್ಪಿಗೆ ಮಾತ್ರ ಈ ಸುಂಕ ತಾಗಲಿಲ್ಲ, ಅದು ಗಡಿಯನ್ನೇ ದಾಟುತ್ತಿರಲಿಲ್ಲವಲ್ಲ.

ಇಂದು ನಾವಿರುವ ಸ್ಥಿತಿಗೆ ಕಾರಣ ಬೇರೊಂದು ಒಪ್ಪಂದ. 1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಭೆ ನಡೆದಾಗ, ಕಂಪ್ಯೂಟರ್ ಮತ್ತು ಅದರ ಬಿಡಿಭಾಗಗಳ ಮೇಲಿನ ಆಮದು ಸುಂಕವನ್ನು ಸೊನ್ನೆಗೆ ಇಳಿಸುವ ಮಾಹಿತಿ ತಂತ್ರಜ್ಞಾನ ಒಪ್ಪಂದ ಹುಟ್ಟಿತು. ಭಾರತ 1997ರಲ್ಲಿ ಸೇರಿತು. ಹಾಗಾಗಿ ನಮ್ಮ ವ್ಯಾಪಾರಿಗಳು ರ‍್ಯಾಮ್ ಆಮದು ಮಾಡಿಕೊಂಡಾಗ ಮೂಲ ಸುಂಕ ಕಟ್ಟುವುದಿಲ್ಲ, ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಮಾತ್ರ. "ಕಸ್ಟಮ್ಸ್ ಜಾಸ್ತಿ ಸಾರ್, ಅದಕ್ಕೇ ರೇಟು" ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ರ‍್ಯಾಮ್‌ನ ಮಟ್ಟಿಗೆ ಅದನ್ನು ನಂಬಬೇಡಿ.

ಆ ಒಪ್ಪಂದಕ್ಕೆ ಸೇರದ ದೇಶ ಹೇಗಿರುತ್ತದೆ ಎಂದು ನೋಡಬೇಕಾದರೆ ಬ್ರೆಜಿಲ್ ನೋಡಿ. ಅಲ್ಲಿ ಆಮದು ಸುಂಕ, ಕೈಗಾರಿಕಾ ತೆರಿಗೆ, ರಾಜ್ಯದ ತೆರಿಗೆ ಒಂದರ ಮೇಲೊಂದು ಕೂರುತ್ತವೆ. ಹಾಗಾಗಿ ಫೋಸ್ ದೊ ಇಗ್ವಾಸು ಎಂಬ ಗಡಿ ಊರಿನಿಂದ ಜನ ಸೇತುವೆ ದಾಟಿ ಪರಾಗ್ವೆಯ ಸಿಯುದಾದ್ ದೆಲ್ ಎಸ್ತೆಗೆ ಹೋಗಿ ಕಂಪ್ಯೂಟರ್ ಭಾಗಗಳನ್ನು ಕೊಂಡು ತರುತ್ತಾರೆ. ನಮ್ಮವರು ಹಿಂದೆ ವಿದೇಶಿ ಮಾಲಿಗೆಂದು ಮದ್ರಾಸಿನ ಬರ್ಮಾ ಬಜಾರಿಗೆ ಹೋಗುತ್ತಿದ್ದ ಕಾಲ ನೆನಪಿರುವವರಿಗೆ ಇದು ಅರ್ಥವಾಗುತ್ತದೆ.

ಡಬ್ಬಿಯ ಹಿಂದಿನ ಬಿಳಿ ಚೀಟಿ

ತೆರಿಗೆ ಕಳೆದ ಮೇಲೂ ಉಳಿಯುವ ಆ 1,000 ಎಲ್ಲಿಗೆ ಹೋಗುತ್ತದೆ? ಎಸ್‌.ಪಿ. ರೋಡಿನ ಯಾವ ಅಂಗಡಿಯಲ್ಲಾದರೂ ಒಂದು ರ‍್ಯಾಮ್ ಪ್ಯಾಕ್ ಕೈಗೆ ತೆಗೆದುಕೊಂಡು ಹಿಂದೆ ತಿರುಗಿಸಿ. ಕಂಪನಿಯ ಬಣ್ಣಬಣ್ಣದ ಅಚ್ಚಿನ ಮೇಲೆ ಸ್ವಲ್ಪ ಓರೆಯಾಗಿ ಅಂಟಿಸಿದ ಒಂದು ಬಿಳಿ ಚೀಟಿ ಇರುತ್ತದೆ. ಆಮದು ಮಾಡಿಕೊಂಡವರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ, ದೂರು ಕೊಡುವ ಫೋನ್ ನಂಬರ್. ಆಮದಾದ ಪ್ಯಾಕ್ ಮಾಲಿನ ಮೇಲೆ ಈ ವಿವರ ಇರಲೇಬೇಕು ಎನ್ನುವುದು ಕಾನೂನು. ಆ ಚೀಟಿಯೇ ನಿಮ್ಮ 1,000 ರೂಪಾಯಿಯ ರಸೀದಿ ಎಂದು ನಾನು ಹೇಳುತ್ತೇನೆ. ನಾಳೆ ಸ್ಟಿಕ್ ಕೆಟ್ಟರೆ ಈ ದೇಶದಲ್ಲಿ ಉತ್ತರ ಕೊಡಬೇಕಾದವರು ಯಾರು ಎಂದು ಅದರಲ್ಲಿ ಬರೆದಿದೆ.

ಆ ಹಣದಲ್ಲಿ ಇನ್ನೊಂದು ಪಾಲು ಅಪಾಯದ್ದು. ಮೆಮೊರಿ ಬೆಲೆ ಚಿನ್ನಕ್ಕಿಂತ ಚಂಚಲ. 1993ರ ಜುಲೈಯಲ್ಲಿ ಜಪಾನಿನ ನಿಯಿಹಾಮದಲ್ಲಿ ಚಿಪ್ಪಿನ ಹೊದಿಕೆಗೆ ಬೇಕಾದ ಎಪಾಕ್ಸಿ ರಾಳ ಮಾಡುವ ಸುಮಿಟೊಮೊ ಕಾರ್ಖಾನೆಗೆ ಬೆಂಕಿ ಬಿದ್ದಾಗ ಜಗತ್ತಿನ ತುಂಬ ರ‍್ಯಾಮ್ ಬೆಲೆ ಹಾರಿತು. 2013ರ ಸೆಪ್ಟೆಂಬರಿನಲ್ಲಿ ಚೀನಾದ ವೂಶಿಯಲ್ಲಿ ಎಸ್‌ಕೆ ಹೈನಿಕ್ಸ್ ಕಾರ್ಖಾನೆಗೆ ಬೆಂಕಿ ಬಿದ್ದಾಗಲೂ ಹಾಗೇ ಆಯಿತು. 2025ರ ಕೊನೆಯಲ್ಲಿ ಬೆಂಕಿಯೇ ಬೇಕಾಗಲಿಲ್ಲ. ಎಐ ಡೇಟಾ ಸೆಂಟರುಗಳು ಚಿಪ್ಪನ್ನೆಲ್ಲ ಸೆಳೆದುಕೊಂಡವು, ಟೋಕಿಯೊದ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬಾರದ ಅಂಗಡಿಗಳು ಒಬ್ಬರಿಗೆ ಇಂತಿಷ್ಟೇ ಎಂದು ಮಿತಿ ಹಾಕಿದವು, ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಅದೇ ತಿಂಗಳು ಡಾಲರ್ 90 ರೂಪಾಯಿ ದಾಟಿತು. ಇಂಥ ಕಾಲದಲ್ಲಿ ಮೂರು ತಿಂಗಳ ಮಾಲು ಗೋಡೌನಿನಲ್ಲಿ ಇಟ್ಟುಕೊಂಡ ಡಿಸ್ಟ್ರಿಬ್ಯೂಟರ್ ಒಂದು ಸಲ ಗೆಲ್ಲುತ್ತಾನೆ, ಇನ್ನೊಂದು ಸಲ ಮುಳುಗುತ್ತಾನೆ. ಆ ಭಯದ ಬೆಲೆಯನ್ನೂ ಅವನು ನಮ್ಮ ಮೇಲೆ ಹಾಕುತ್ತಾನೆ.

ಬೇಗ ಬೇಗ ಖರ್ಚಾಗುವ 8, 16 ಜಿಬಿ ಸ್ಟಿಕ್‌ಗಳಲ್ಲಿ ಈ ಭಯ ಕಡಿಮೆ, ಅಂತರವೂ ಕಡಿಮೆ. ತಿಂಗಳಿಗೆ ಒಬ್ಬರು ಕೇಳುವ 96 ಜಿಬಿ ಕಿಟ್, ಅತಿ ವೇಗದ ಡಿಡಿಆರ್5 (ಡಿಡಿಆರ್4ರ ನಂತರದ ಪೀಳಿಗೆಯ ರ‍್ಯಾಮ್) ಕಿಟ್ ಮುಂತಾದವುಗಳಲ್ಲಿ ಅಂತರ ದೊಡ್ಡದು. ತರಿಸುವ ಯೋಚನೆಗೆ ಅರ್ಥವಿರುವುದು ಇಂಥವಕ್ಕೇ.

ಯಾರಿಂದ ತರಿಸಬಹುದು

ಅಮೆರಿಕದಿಂದ: ಬರುವವರು ಹೇಗೂ ಬರುತ್ತಿರಬೇಕು, ಅವರ ಡಾಲರಿನಲ್ಲೇ ಕೊಳ್ಳಬೇಕು, ಮಾಲು ದೊಡ್ಡ ಕಿಟ್ ಆಗಿರಬೇಕು. ಈ ಮೂರೂ ಕೂಡಿದರೆ ಲಾಭ ನಿಜ. ಕಸ್ಟಮ್ಸ್‌ನ ಉಚಿತ ಮಿತಿ ನೆನಪಿರಲಿ. 2016ರ ಬ್ಯಾಗೇಜ್ ನಿಯಮದಲ್ಲಿ ಅದು 50,000 ರೂಪಾಯಿ ಇತ್ತು. ಇದನ್ನು ಕಾಲಕಾಲಕ್ಕೆ ತಿದ್ದುತ್ತಾರೆ, ಹೊರಡುವ ಮುಂಚೆ ಈಗಿನ ಮಿತಿ ನೋಡಿಕೊಳ್ಳಲಿ. ಅವರು ಮನೆಯವರಿಗೆಂದು ತರುವ ಉಳಿದ ಸಾಮಾನೂ ಇದೇ ಮಿತಿಯೊಳಗೆ ಬರುತ್ತದೆ ಎನ್ನುವುದನ್ನು ಕೇಳುವವರು ಮರೆಯುತ್ತಾರೆ.

ದುಬೈ, ಸಿಂಗಪುರ: ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಗಲ್ಫ್ ಎಂದರೆ ಪಕ್ಕದ ಊರು. ಬರ್ ದುಬೈನ ಅಲ್ ಐನ್ ಸೆಂಟರಿನಲ್ಲಿ ಕಂಪ್ಯೂಟರ್ ಭಾಗಗಳ ಸಾಲು ಸಾಲು ಅಂಗಡಿ ಇವೆ, ಸಿಂಗಪುರದಲ್ಲಿ ಸಿಮ್ ಲಿಮ್ ಸ್ಕ್ವೇರ್ ಇದೆ. ಎರಡೂ ಕಡೆ ಪ್ರವಾಸಿಗರಿಗೆ ತೆರಿಗೆ ವಾಪಸು ಸಿಗುತ್ತದೆ, ಅಲ್ಲೇ ಕೆಲಸದಲ್ಲಿರುವವರಿಗೆ ಸಿಗುವುದಿಲ್ಲ. ಆದ್ದರಿಂದ ಸಿಂಗಪುರದಲ್ಲಿರುವ ಮಗನ ಹೆಸರಲ್ಲಿ ಬಿಲ್ ಹಾಕಿಸಿದರೆ 9% ಹೋಯಿತು. ಅವನನ್ನು ನೋಡಲು ಹೋದ ಅಪ್ಪ ಅಮ್ಮ ತಮ್ಮ ಪಾಸ್‌ಪೋರ್ಟ್ ತೋರಿಸಿ ಕೊಂಡರೆ ಏರ್‌ಪೋರ್ಟಿನಲ್ಲಿ ವಾಪಸು ಪಡೆಯಬಹುದು.

ಲಂಡನ್: ಬೇಡ. ಬ್ರಿಟನ್ 2021ರ ಜನವರಿಯಿಂದ ಪ್ರವಾಸಿಗರಿಗೆ ವ್ಯಾಟ್ ವಾಪಸು ಕೊಡುವುದನ್ನು ನಿಲ್ಲಿಸಿದೆ. 20% ಕಟ್ಟಿ ತರುವುದಕ್ಕಿಂತ 18% ಕಟ್ಟಿ ಇಲ್ಲೇ ಕೊಳ್ಳುವುದು ಮೇಲು.

ವಿದೇಶಿ ವೆಬ್‌ಸೈಟಿನಿಂದ ಕೊರಿಯರ್: ಇದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ವ್ಯಾಪಾರಿಗೆ ಸೊನ್ನೆ ಸುಂಕದ ರ‍್ಯಾಮ್, ನಿಮ್ಮ ಹೆಸರಿಗೆ ಸ್ವಂತ ಬಳಕೆಯ ಪಾರ್ಸಲ್ ಆಗಿ ಬಂದಾಗ ಸುಂಕಪಟ್ಟಿಯ ಬೇರೆಯೇ ಶೀರ್ಷಿಕೆಯ ಅಡಿ, ಬೇರೆಯೇ ದರಕ್ಕೆ ಬರುತ್ತದೆ. ಅಂಗಡಿಯವರು ಕಟ್ಟದ ಸುಂಕ ನೀವು ಕಟ್ಟುತ್ತೀರಿ, ಅದರ ಮೇಲೆ ಐಜಿಎಸ್‌ಟಿ, ಅದರ ಮೇಲೆ ಕೊರಿಯರಿನವರ ಶುಲ್ಕ.

ವಾರಂಟಿಯ ಬೆಲೆ ಎಷ್ಟು

ನಾನೂ ಒಮ್ಮೆ ಅಮೆರಿಕದಿಂದ ತರಿಸಿದ್ದೆ. 16 ಜಿಬಿಯ ಎರಡು ಸ್ಟಿಕ್‌ಗಳ ಕಿಟ್. ಎಂಟನೇ ತಿಂಗಳಿಗೆ ವಿಡಿಯೊ ಎಡಿಟ್ ಮಾಡುವಾಗ ಪರದೆ ನೀಲಿಯಾಗಿ ನಿಲ್ಲತೊಡಗಿತು. ರಾತ್ರಿ ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ) ಹಾಕಿ ಮಲಗಿದೆ, ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ತುಂಬ ಕೆಂಪು ಸಾಲು. ಬಾಕ್ಸಿನ ಮೇಲೆ "ಜೀವಿತಾವಧಿ ವಾರಂಟಿ" ಎಂದು ದಪ್ಪ ಅಕ್ಷರದಲ್ಲಿತ್ತು, ಧೈರ್ಯವಾಗಿ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಸ್ಟಿಕ್ ತಿರುಗಿಸಿ ಲೇಬಲ್ ಮೇಲಿನ ನಂಬರ್ ಟೈಪ್ ಮಾಡಿ, "ಸಾರ್, ಇದು ಇಂಡಿಯಾ ಸ್ಟಾಕ್ ಅಲ್ಲ. ಇಲ್ಲಿಯ ಡೀಲರ್ ಬಿಲ್ ಇದೆಯಾ?" ಅಂದ. ಇರಲಿಲ್ಲ. ಕೊನೆಗೆ ಊರಿಗೆ ಬಂದು ಹಿಂತಿರುಗುತ್ತಿದ್ದವರೊಬ್ಬರ ಕೈಯಲ್ಲಿ ಕಳಿಸಿ, ಅವರ ಅಮೆರಿಕದ ವಿಳಾಸಕ್ಕೆ ಹೊಸದು ತರಿಸಿ, ಇನ್ನೊಬ್ಬರು ಬರುವಾಗ ಅದು ನನ್ನ ಕೈಗೆ ಸೇರುವ ಹೊತ್ತಿಗೆ ಐದು ತಿಂಗಳು. ಕೆಟ್ಟದ್ದು ಒಂದೇ ಸ್ಟಿಕ್ ಆದರೂ ಕಿಟ್ ಪೂರ್ತಿ ಕೊಡಬೇಕೆಂದು ಕೇಳಿದ್ದರಿಂದ ಆ ಐದು ತಿಂಗಳು ಕೆಲಸ ನಿಲ್ಲದಿರಲು ಬೇರೆ ರ‍್ಯಾಮ್ ಕೊಂಡೆ. ಉಳಿಸಿದ ಹಣಕ್ಕಿಂತ ಅದಕ್ಕೇ ಹೆಚ್ಚಾಯಿತು.

ಎಲ್ಲ ಬ್ರ್ಯಾಂಡುಗಳೂ ಹೀಗಿಲ್ಲ. ಕೆಲವರು ಯಾವ ದೇಶದಲ್ಲಿ ಕೊಂಡರೂ ಬದಲಾಯಿಸಿಕೊಡುತ್ತಾರೆ. ತರಿಸುವ ಮುಂಚೆ ಆ ಬ್ರ್ಯಾಂಡಿನ ಭಾರತದ ಸಪೋರ್ಟಿಗೆ ಒಂದು ಇಮೇಲ್ ಹಾಕಿ, ಬರಹದಲ್ಲಿ ಉತ್ತರ ಪಡೆಯಿರಿ. ಉತ್ತರ ಬಾರದಿದ್ದರೆ ವಾರಂಟಿ ಇಲ್ಲವೆಂದೇ ಲೆಕ್ಕ ಹಾಕಿ. ನನ್ನ ಅಳತೆ ಇಷ್ಟು: ಎರಡೂ ಕಡೆ ತೆರಿಗೆ ಸೇರಿಸಿ ಹೋಲಿಸಿದ ಮೇಲೂ ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ ಕಂಡರೆ ತರಿಸುತ್ತೇನೆ, ಇಲ್ಲದಿದ್ದರೆ ಇಲ್ಲ.

ಇಲ್ಲೇ ಕೊಳ್ಳುವಾಗ

ಬೆಲೆ ಏರುತ್ತಿರುವ ಕಾಲದಲ್ಲಿ ಎಸ್‌.ಪಿ. ರೋಡಿಗಿಂತ ತುಮಕೂರು, ದಾವಣಗೆರೆ, ಶಿವಮೊಗ್ಗದ ಸಣ್ಣ ಅಂಗಡಿಗಳಲ್ಲಿ ವಿಚಾರಿಸಿ. ಎಸ್‌.ಪಿ. ರೋಡಿನವರಿಗೆ ವಾಟ್ಸಾಪಿನಲ್ಲಿ ಬೆಳಿಗ್ಗೆ ಹೊಸ ರೇಟು ಬಂದರೆ ಮಧ್ಯಾಹ್ನಕ್ಕೆ ಬೆಲೆ ಬದಲು. ಊರಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ಆರು ತಿಂಗಳ ಹಿಂದಿನ ಬಿಳಿ ಚೀಟಿಯ ಪ್ಯಾಕ್ ಹಳೆಯ ರೇಟಿಗೇ ಕೂತಿರಬಹುದು. ಬೆಲೆ ಇಳಿಯುವ ಕಾಲದಲ್ಲಿ ಇದು ತಿರುಗುಮುರುಗು, ಆಗ ಬೇಗ ಮಾಲು ಖಾಲಿಯಾಗುವ ದೊಡ್ಡ ಅಂಗಡಿ, ಆನ್‌ಲೈನ್ ಒಳ್ಳೆಯದು.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು "8 ಜಿಬಿಯದು ತಗೊಂಡು ಆಮೇಲೆ ಹಾಕಿಸಿಕೊಂಡರಾಯಿತು" ಎನ್ನುವ ಹಳೆಯ ಬುದ್ಧಿವಾದವನ್ನು ಈಗ ಒಮ್ಮೆ ಪರೀಕ್ಷಿಸಿ. ದೊಡ್ಡ ಲ್ಯಾಪ್‌ಟಾಪ್ ಕಂಪನಿಗಳು ಚಿಪ್ಪನ್ನು ಮೊದಲೇ ಒಪ್ಪಂದ ಮಾಡಿಕೊಂಡ ದರಕ್ಕೆ ಕೊಂಡಿರುತ್ತವೆ. ಚಿಲ್ಲರೆ ಬೆಲೆ ಹಾರಿದಾಗ 16 ಜಿಬಿ ಕೂರಿಸಿಯೇ ಬಂದ ಮಾಡೆಲ್ ಒಟ್ಟಿನಲ್ಲಿ ಅಗ್ಗವಾಗುವುದುಂಟು. ಎಷ್ಟೋ ತೆಳ್ಳನೆಯ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ, ಆಮೇಲೆ ಹಾಕಿಸುವ ಮಾತೇ ಇಲ್ಲ.

ಹಳೆಯ ಲ್ಯಾಪ್‌ಟಾಪಿನಿಂದ ತೆಗೆದ ಸೆಕೆಂಡ್ ಹ್ಯಾಂಡ್ ಸ್ಟಿಕ್ ಬಗ್ಗೆ ನನಗೆ ಮಡಿವಂತಿಕೆ ಇಲ್ಲ. ರ‍್ಯಾಮ್‌ನಲ್ಲಿ ಸವೆಯುವ ಚಲಿಸುವ ಭಾಗ ಇಲ್ಲ. ಹಳೆಯ ಡಿಡಿಆರ್4 ಲ್ಯಾಪ್‌ಟಾಪಿಗೆ ಇನ್ನೆರಡು ವರ್ಷ ಜೀವ ಕೊಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ವಾರದ ಟೆಸ್ಟಿಂಗ್ ಗ್ಯಾರಂಟಿಯನ್ನು ಅಂಗಡಿಯವರು ಚೀಟಿಯಲ್ಲಿ ಬರೆದುಕೊಡಲಿ. ಅಮೆರಿಕದ್ದಾಗಲಿ, ಎಸ್‌.ಪಿ. ರೋಡಿನದಾಗಲಿ, ಹೊಸದಾಗಲಿ, ಹಳೆಯದಾಗಲಿ, ಮನೆಗೆ ತಂದ ರಾತ್ರಿಯೇ ಮೆಮ್‌ಟೆಸ್ಟ್ ಹಾಕಿ ಮಲಗಿ. ಬೆಳಿಗ್ಗೆ ಒಂದು ಕೆಂಪು ಸಾಲು ಕಂಡರೂ ಸಾಕು, ಬಿಲ್ ಹಿಡಿದುಕೊಂಡು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ.